ವೇಬ್ರಿಡ್ಜ್ ಮೇಲೆ ತೂಗಿದ ನಿದ್ದೆ

ಮಂದಿಯನ್ನು ಮಲಗಿಸುವುದು ನನ್ನ ಹೊಟ್ಟೆಪಾಡು. ಬೆಳಿಗ್ಗೆ ಕೂಡ್ಲಿಗಿಯಲ್ಲಿ ಒಂದು ಸಿಸೇರಿಯನ್, ಊಟ ಆದ ಮೇಲೆ ಹಡಗಲಿಯಲ್ಲಿ ಒಂದು ಹರ್ನಿಯಾ, ಬಿಸಿಲು ಇಳಿಯುವ ಹೊತ್ತಿಗೆ ಹರಪನಹಳ್ಳಿಯಲ್ಲಿ ಯಾರದೋ ಮುರಿದ ತೊಡೆ. ಎಲ್ಲಿಂದ ಫೋನು ಬಂದರೂ ಔಷಧದ ಪೆಟ್ಟಿಗೆ ಕಾರಿನಲ್ಲಿಟ್ಟುಕೊಂಡು ಹೊರಡುವ ಅರಿವಳಿಕೆ ಡಾಕ್ಟರು ನಾನು. ನಿದ್ದೆಯ ವಿಷಯದಲ್ಲಿ ಈ ಸೀಮೆಯಲ್ಲಿ ಎಷ್ಟು ನಮೂನೆಯ ದಡ್ಡತನ ಇದೆಯೋ ಅಷ್ಟನ್ನೂ ಕಂಡುಬಿಟ್ಟಿದ್ದೇನೆ ಅಂತ ತಿಳಿದಿದ್ದೆ. ಅದು ನನ್ನ ಜಂಬ. ಹಗರಿಬೊಮ್ಮನಹಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನ ಜಂಬ ಮುರಿಯಿತು.

ಆವತ್ತು ಅಲ್ಲಿ ಒಂದು ಹೆರಿಗೆ ಮುಗಿಸಿ ಕೈ ತೊಳೆಯುತ್ತಿದ್ದೆ. ನರ್ಸಿಂಗ್ ಹೋಮಿನ ಮಾಲೀಕ ಡಾಕ್ಟರು ಬಾಗಿಲಲ್ಲಿ ಬಂದು ನಿಂತರು. ಒಳ್ಳೆಯ ಮನುಷ್ಯ, ಒಳ್ಳೆಯ ಕೈಗುಣ, ಆದರೆ ಯಾರು ಜೋರಾಗಿ ಮಾತಾಡಿದರೂ ಅವರೇ ದೊಡ್ಡವರು ಅಂತ ನಂಬುವ ಜೀವ.

"ಮೇಡಂ, ಹೋಗಬ್ಯಾಡ್ರಿ. ಕೊಟ್ಟೂರಿಂದ ಒಂದು ಧನುರ್ವಾಯು ಬರಾಕತ್ತೈತಿ."

"ದಾವಣಗೆರೆಗೆ ಕಳಸ್ರಿ."

"ಕೇಳೀನ್ರಿ. ಬೆಡ್ ನಾಳಿ ಅಂತಾರ."

"ನಿಮ್ಮ ವೆಂಟಿಲೇಟರ್?"

ಅವರು ಪಕ್ಕದ ಕೋಣೆಯ ಕಡೆ ಕೈ ತೋರಿಸಿದರು. ಅಲ್ಲಿ ಇದ್ದದ್ದು ಒಂದೇ ವೆಂಟಿಲೇಟರ್. ಅದರ ಮೇಲೆ ಹಾವು ಕಚ್ಚಿದ ಒಬ್ಬ ಹೆಣ್ಣುಮಗಳಿದ್ದಳು. ಅವಳ ಉಸಿರನ್ನು ಕಿತ್ತು ಇನ್ನೊಬ್ಬನಿಗೆ ಕೊಡುವಂತಿಲ್ಲ.

ಧನುರ್ವಾಯು ಬಂದವನ ದವಡೆ ಬೀಗ ಹಾಕಿದ ಹಾಗೆ ಕಚ್ಚಿಕೊಳ್ಳುತ್ತದೆ. ಬಾಗಿಲು ಕಿರ್ ಎಂದರೆ ಸಾಕು, ಯಾರೋ ದೀಪ ಹಾಕಿದರೆ ಸಾಕು, ಮೈಯೆಲ್ಲ ಸೆಟೆದು ಬಿಲ್ಲಿನಂತೆ ಬಾಗುತ್ತದೆ. ಗಂಟಲು ಸೆಟೆದರೆ ಮುಗಿಯಿತು, ಗಾಳಿಗೆ ದಾರಿಯಿಲ್ಲ. ಇಷ್ಟರ ನಡುವೆ ತಲೆ ಮಾತ್ರ ಸ್ವಚ್ಛ, ಎಲ್ಲ ಗೊತ್ತಾಗುತ್ತಿರುತ್ತದೆ. ಅದಕ್ಕೇ ಇವರನ್ನು ಕತ್ತಲ ಕೋಣೆಯಲ್ಲಿಟ್ಟು ನಿದ್ದೆಯ ಔಷಧವನ್ನು ಪಂಪಿನಿಂದ ಹನಿಹನಿಯಾಗಿ ಬಿಡುತ್ತೇವೆ. ಕಡಿಮೆಯಾದರೆ ಸೆಟೆತ ಕೊಲ್ಲುತ್ತದೆ. ಹೆಚ್ಚಾದರೆ ಉಸಿರೇ ಮರೆತುಹೋಗುತ್ತದೆ, ಆಗ ವೆಂಟಿಲೇಟರ್ ಬೇಕು. ನಮಗೆ ಅದಿಲ್ಲ. ಅಂದರೆ ಇವನು ಮಲಗಲೂ ಬೇಕು, ತನ್ನ ಉಸಿರನ್ನು ತಾನೇ ಆಡಲೂ ಬೇಕು.

ಕೊಟ್ಟೂರಲ್ಲಿ ಮೊದಲು ನೋಡಿದ ಡಾಕ್ಟರಿಗೆ ಫೋನು ಹಚ್ಚಿದೆ. ಗಾಯ ತೊಳೆದು, ನಂಜು ತೆಗೆಯುವ ಇಂಜೆಕ್ಷನ್ ಹಾಕಿದ್ದರು. ಅಷ್ಟರಮಟ್ಟಿಗೆ ಪುಣ್ಯಾತ್ಮ.

"ನಿದ್ದಿಗೆ ಡಯಾಜೆಪಾಮ್ ಎಷ್ಟು ಕೊಟ್ಟೀರಿ?"

"ಒಂದೊಂದೇ ಆಂಪೂಲ್ ಮೇಡಂ."

"ಎಷ್ಟು ಸಲ?"

"ಸೆಟದಾಗೆಲ್ಲ."

"ಎಷ್ಟು ಸಲ ಸೆಟದ?"

"ಅದನ್ಯಾರ ಎಣಸ್ತಾರ್ರೀ ಮೇಡಂ, ಭಾಳ ಸೆಟದ."

ನಮ್ಮ ಕಡೆ ಇದೊಂದು ಮತ. ಎಲ್ಲರಿಗೂ ಒಂದೇ ಆಂಪೂಲ್, ಅಂದರೆ ಔಷಧದ ಒಂದು ಪುಟ್ಟ ಗಾಜಿನ ಶೀಶೆ. ಗರಡಿಯಲ್ಲಿ ಬೆಳೆದ ಪೈಲ್ವಾನನಿಗೂ ಒಂದು, ಒಣಗಿದ ಮುದುಕಿಗೂ ಒಂದು. ಗಾಜಿನ ಕಾರ್ಖಾನೆಯವನು ತನ್ನ ಅನುಕೂಲಕ್ಕೆ ಮಾಡಿದ ಅಳತೆಯೇ ಇವರ ಶಾಸ್ತ್ರ. ಅರ್ಧ ಆಂಪೂಲ್ ಕೊಡುವುದು ಎಂದರೆ ಉಳಿದ ಅರ್ಧ ಹಾಳಾಯಿತಲ್ಲ ಅಂತ ಇವರ ಕರುಳು ಚುರ್ ಎನ್ನುತ್ತದೆ. ರೋಗಿ ಹಾಳಾದರೆ ಅಷ್ಟು ಚುರ್ ಎನ್ನುವುದಿಲ್ಲ.

ಈ ಮತದ ಎದುರು ಪಂಥ ಒಂದಿದೆ. ಅದು ಆ ನರ್ಸಿಂಗ್ ಹೋಮಿಗೆ ಹೊಸದಾಗಿ ಗಾಲಿಯ ಮೇಲೆ ಬಂದಿತ್ತು. ಒಂದು ಕಂಬ, ಅದಕ್ಕೊಂದು ಪರದೆ, ಒಂದು ಕ್ಯಾಮೆರಾ, ಸಂತೆಯಲ್ಲಿ ಬಟ್ಟೆ ಕೂಗಿ ಮಾರುವವನೂ ನಾಚುವಷ್ಟು ಜೋರಿನ ಸ್ಪೀಕರು. ಯಾವುದೋ ಕಂಪನಿ ಜೊತೆ ಮಾಲೀಕರು ಕರಾರು ಮಾಡಿಕೊಂಡಿದ್ದರು. ಕಂಪನಿಯ ಪರಿಣತ ದೂರದ ಶಹರದಲ್ಲಿ ಕೂತು ಇಲ್ಲಿನ ಐಸಿಯು ನೋಡಿಕೊಳ್ಳುತ್ತಾನೆ, ಅವನ ಆರ್ಡರು ಪರದೆಯ ಮೇಲೆ ಬರುತ್ತದೆ, ಇಲ್ಲಿಯವರು ಪಾಲಿಸಬೇಕು. ಕೊರಳಿಗೆ ಟೈ, ಕಿವಿಗೆ ಹೆಡ್‌ಫೋನು, ಬೆನ್ನ ಹಿಂದೆ ಸಾಲು ಸಾಲು ದಪ್ಪ ಪುಸ್ತಕ. ಅವನು ತಲೆ ಆಡಿಸಿದಾಗೆಲ್ಲ ಕಿವಿಯ ಪಕ್ಕದ ಪುಸ್ತಕಗಳು ಕರಗಿ ಮತ್ತೆ ಮೂಡುತ್ತಿದ್ದವು. ಪುಸ್ತಕವಲ್ಲ, ಪುಸ್ತಕದ ಚಿತ್ರ.

ರೋಗಿ ಬರುವ ಮೊದಲೇ ಅವನು ಪ್ರತ್ಯಕ್ಷನಾದ.

"ಪೇಷಂಟಿನ ಆಕ್ಚುಯಲ್ ಬಾಡಿ ವೇಟ್ ಬೇಕು. ಅಂದಾಜು ಬೇಡ. ಡೋಸ್ ಲೆಕ್ಕ ಹಾಕೋ ನಮ್ಮ ಮಾಡೆಲ್‌ಗೆ ನಿಖರವಾದ ಇನ್‌ಪುಟ್ ಕೊಡದಿದ್ದರೆ ನಿಖರವಾದ ಲೋಡಿಂಗ್ ಡೋಸ್ ಬರೋದಿಲ್ಲ."

ಮಾತು ಸರಿಯೇ. ನಾನೇ ಪಾಠ ಮಾಡಿದ್ದರೂ ಅದನ್ನೇ ಹೇಳುತ್ತಿದ್ದೆ. ಪಂಪಿನಿಂದ ಹನಿ ಬಿಟ್ಟರೆ ಔಷಧ ಮೈಯಲ್ಲಿ ಬೇಕಾದ ಮಟ್ಟಕ್ಕೆ ಏರಲು ಅರ್ಧ ದಿನ ಹಿಡಿಯುತ್ತದೆ, ಅಷ್ಟು ಹೊತ್ತು ಧನುರ್ವಾಯು ಕಾಯುವುದಿಲ್ಲ. ಅದಕ್ಕೆ ಮೊದಲೊಂದು ದೊಡ್ಡ ಗುಟುಕು, ಅದೇ ಲೋಡಿಂಗ್ ಡೋಸ್. ರಕ್ತದಲ್ಲಿ ಎಷ್ಟು ಔಷಧ ಇರಬೇಕು ಎನ್ನುವುದನ್ನು, ಆ ಔಷಧ ಮೈಯಲ್ಲಿ ಎಷ್ಟು ಜಾಗಕ್ಕೆ ಹರಡುತ್ತದೆ ಎನ್ನುವುದರಿಂದ ಗುಣಿಸಿದರೆ ಗುಟುಕಿನ ಅಳತೆ. ಜಾಗ ಎಷ್ಟು ಅನ್ನುವುದಕ್ಕೆ ತೂಕ ಬೇಕು. ಇಷ್ಟೇ ಲೆಕ್ಕ. ಇದನ್ನು ಅವನು ವೇದ ಹೇಳಿದ ಹಾಗೆ ಹೇಳಿದ.

ಮಾಲೀಕರು ಕೂಡಲೇ ರೋಗಿಯ ತಮ್ಮನಿಗೆ ಫೋನು ಮಾಡಿದರು. "ಅಣ್ಣನ ತೂಕ ಕರೆಕ್ಟ್ ಬೇಕಂತ್ರಿ. ದೊಡ್ಡ ಡಾಕ್ಟರ್ ಕೇಳಾಕತ್ಯಾರ. ಅಂದಾಜು ನಡಿಯಂಗಿಲ್ಲ."

ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಬಂತು. ರೋಗಿ ಉಜ್ಜಿನಿ ಕಡೆಯ ರೈತ. ಹೊಲದಲ್ಲಿ ಕಾಲಿಗೆ ಜಾಲಿಮುಳ್ಳು ನೆಟ್ಟಿದ್ದನ್ನು ತಾನೇ ಕಿತ್ತು, ಸುಣ್ಣ ಮೆತ್ತಿಕೊಂಡು ಮತ್ತೆ ನೇಗಿಲ ಹಿಂದೆ ಹೋಗಿದ್ದ. ಇಳಿಸುವಾಗ ಸ್ಟ್ರೆಚರಿನ ಗಾಲಿ ಮೆಟ್ಟಿಲಿಗೆ ತಾಗಿತು, ಅವನು ಹಿಮ್ಮಡಿ ಮತ್ತು ತಲೆಯ ಮೇಲೆ ಕಮಾನಾಗಿ ನಿಂತುಬಿಟ್ಟ. ಹಲ್ಲು ಕಿರಿದ ಮುಖ, ನೋಡುವವರಿಗೆ ನಗುತ್ತಿರುವ ಹಾಗೆ. ಕಣ್ಣು ಮಾತ್ರ ನಗುತ್ತಿರಲಿಲ್ಲ. ಅವನ ಹೆಂಡತಿ, ಗಟ್ಟಿಮುಟ್ಟಾದ ಹೆಂಗಸು, ಸೆರಗನ್ನು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಸದ್ದು ಮಾಡಿದರೆ ಗಂಡ ಸೆಟೆಯುತ್ತಾನೆ ಅನ್ನುವುದನ್ನು ಅವಳು ದಾರಿಯಲ್ಲೇ ಕಲಿತಿದ್ದಳು. ಅವಳಿಗೆ ಇದ್ದಷ್ಟು ಬುದ್ಧಿ ಆ ಸ್ಪೀಕರಿಗೆ ಇರಲಿಲ್ಲ.

ಅವನನ್ನು ಮೂಲೆಯ ಕೋಣೆಗೆ ಹಾಕಿ ಕಿಟಕಿಗೆ ಕಂಬಳಿ ಕಟ್ಟಿಸಿದೆ. ರಗ್ಗಿನ ಕೆಳಗೆ ಕೈ ಹಾಕಿ ನೋಡಿದೆ. ಪಕ್ಕೆಲುಬು ಒಂದೊಂದೂ ಬೆರಳಿಗೆ ಸಿಗುತ್ತಿತ್ತು. ಐವತ್ತೆರಡು ಕಿಲೋ ಅಂತ ನನ್ನ ಕೈ ಹೇಳಿತು. ಈ ಕೈ ಸಾವಿರಾರು ಮೈಗಳನ್ನು ಮೇಜಿನ ಮೇಲೆ ಹೊರಳಿಸಿದೆ, ಎರಡು-ಮೂರು ಕಿಲೋ ಆಚೀಚೆ ಆದೀತು ಅಷ್ಟೆ.

ಆಮೇಲೆ, ಕೋಣೆಯೊಳಗೆ ತಂದಿಟ್ಟಿದ್ದ ಪರದೆ "ಟಡಾಂ!" ಅಂತ ಕೂಗಿತು. ಹೊಸ ಆರ್ಡರು ಬಂದಾಗೆಲ್ಲ ಅದು ಹಾಗೆ ಕೂಗುತ್ತದೆ. ರೋಗಿ ಮತ್ತೆ ಕಮಾನಾದ. ಕಂಬವನ್ನು ಬಾಗಿಲಿನಾಚೆ ತಳ್ಳಿ ಆರ್ಡರು ಓದಿದೆ.

ತೂಕ ನೂರಾ ಹತ್ತು ಕಿಲೋ. ನಿದ್ದೆಯ ಔಷಧ ಮಿಡಜೋಲಾಮ್, ಲೋಡಿಂಗ್ ಡೋಸ್ ಹದಿನೆಂಟು ಪಾಯಿಂಟ್ ಒಂದು ಐದು ಮಿಲಿಗ್ರಾಂ, ಒಂದೇ ಸಲಕ್ಕೆ.

ಮಿಲಿಗ್ರಾಮಿನ ನೂರರಲ್ಲೊಂದು ಭಾಗದವರೆಗೆ ಲೆಕ್ಕ. ಐವತ್ತೆರಡು ಕಿಲೋ ಮನುಷ್ಯನ ಮೇಲೆ.

ತಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಕೊಟ್ಟೂರಲ್ಲಿ ಮೆಕ್ಕೆಜೋಳದ ವ್ಯಾಪಾರ, ಬಿಳಿ ಶರ್ಟು, ಕಿಸೆಯಲ್ಲಿ ಎರಡು ಪೆನ್ನು, ಹಣೆಗೆ ವಿಭೂತಿ.

"ಅಣ್ಣನ ತೂಕ ಹೇಳಿದವರು ಯಾರ್ರೀ?"

"ನಾನಾ ರೀ ಡಾಕ್ಟರಮ್ಮಾರ." ಎದ್ದು ನಿಂತ. "ಅಂದಾಜು ನಡಿಯಂಗಿಲ್ಲ ಅಂದ್ರಲ್ಲ, ಈ ಊರ ಹೊರಗ ಲಾರಿ ತೂಗೋ ನಮ್ಮ ಪರಿಚಯದ ವೇಬ್ರಿಡ್ಜಿಗೇ ಹತ್ತಿಸಿದೆ."

"ಯಾರನ್ನ?"

"ಗಾಡೀನ. ಆಂಬುಲೆನ್ಸನ್ನ." ನನ್ನ ಮುಖ ನೋಡಿ, ಅರ್ಥವಾಗಲಿಲ್ಲವೇನೋ ಅಂತ ಕರುಣೆಯಿಂದ ಬಿಡಿಸಿ ಹೇಳಿದ. "ಲೋಡ್ ಗಾಡಿ ಒಂದ್ಸಲ ತೂಗಿದ್ವಿ. ಇಲ್ಲಿ ಖಾಲಿ ಮಾಡಿ ಡ್ರೈವರ್ ವಾಪಸ್ ಹೋಗಿ ಈಗ ಖಾಲಿ ಗಾಡಿ ತೂಗಿ ಫೋನ್ ಮಾಡ್ಯಾನ. ಲೋಡಿನಾಗ ಖಾಲಿ ಕಳದ್ರ ಮಾಲು. ಸರ್ಕಾರದ ಸೀಲ್ ಐತ್ರಿ ತೂಕದ ಕಾಟಾಕ್ಕ, ಮೋಸ ಇಲ್ಲ."

"ಅದು ಎಷ್ಟೆಷ್ಟು ಕಿಲೋ ತೋರಿಸ್ತೈತಿ?"

"ಹತ್ತತ್ತು ಕಿಲೋ ರೀ. ಲಾರಿಗೆ ಅಷ್ಟು ಸಾಕಲ್ಲ."

"ಲೋಡ್ ಗಾಡಿಯಾಗ ಯಾರ್ಯಾರಿದ್ರು?"

"ಅಣ್ಣ. ನಾನು ಬೈಕಿನಾಗ ಬಂದ್ನಿ ಮತ್ತ!"

ಅವನ ಅತ್ತಿಗೆ ಗೋಡೆಗೆ ಒರಗಿ ಕೂತಲ್ಲಿಂದಲೇ ತಲೆಯೆತ್ತಿದಳು. "ನಾನು ಎಲ್ಲಿ ಕುಂತಿದ್ನೆಪ್ಪಾ? ನಿಮ್ಮಣ್ಣನ ಕಾಲ ಹಿಡಕಂಡು ಗಾಡ್ಯಾಗ ಕುಂತಿದ್ದು ಯಾರು, ನಿನ್ನ ಜ್ವಾಳದ ಚೀಲೇನು?"

ತಮ್ಮನ ಬಾಯಿ ತೆರೆದುಕೊಂಡಿತು. ಅವನ ಕಣ್ಣಲ್ಲಿ ಕಳೆಯುವ ಲೆಕ್ಕ ನಡೆಯುತ್ತಿರುವುದು ನನಗೆ ಕಾಣುತ್ತಿತ್ತು. ಅತ್ತಿಗೆಯ ತೂಕವನ್ನು ಅವಳ ಎದುರಿಗೇ ಅಂದಾಜು ಮಾಡುವ ಧೈರ್ಯ ಸಾಲದೆ ತಲೆ ತಗ್ಗಿಸಿದ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಜೀವಮಾನವಿಡೀ ಮಾಲು ತೂಗಿದವನು, ಅಣ್ಣನ ಜೀವಕ್ಕೆ ಅಂತ ತನಗೆ ಗೊತ್ತಿದ್ದ ದೊಡ್ಡ ಕಾಟಾಕ್ಕೆ ಒಯ್ದಿದ್ದ. ಸಿಟ್ಟು ಬಂದದ್ದು ಆ ಪುಸ್ತಕದ ಚಿತ್ರದ ಮೇಲೆ. ಪರದೆಯ ಎದುರು ಹೋಗಿ ನಿಂತೆ.

"ಡಾಕ್ಟ್ರೇ, ನೂರಾ ಹತ್ತು ತಪ್ಪು. ಅದರಲ್ಲಿ ಹೆಂಡತಿಯೂ ಇದ್ದಾಳೆ."

"ಅಂದ್ರೆ?"

ವಿವರಿಸಿದೆ. ಅವನು ನಗಲಿಲ್ಲ. ನಕ್ಕಿದ್ದರೆ ಅಲ್ಲಿಗೆ ಅವನನ್ನು ಕ್ಷಮಿಸಿಬಿಡುತ್ತಿದ್ದೆ.

"ಓಕೆ. ನಿಮ್ಮ ಹತ್ತಿರ ಬೇರೆ ಮೆಷರ್ಡ್ ವೇಟ್ ಇದೆಯಾ?"

"ನಿಲ್ಲಿಸಿ ತೂಗುವ ಸ್ಥಿತಿಯಲ್ಲಿ ಇಲ್ಲ. ಐವತ್ತೆರಡು ಇರಬಹುದು, ಕಣ್ಣಂದಾಜು."

"ಕಣ್ಣಂದಾಜಿನಲ್ಲಿ ಇಪ್ಪತ್ತು ಪರ್ಸೆಂಟ್ ಎರರ್ ಇರುತ್ತೆ ಮೇಡಂ."

"ನಿಮ್ಮ ಅಳತೆಯಲ್ಲಿ ಒಬ್ಬ ಹೆಂಗಸೇ ಇದ್ದಾಳಲ್ಲ."

"ನಾನು ಕ್ಯಾಮೆರಾದಲ್ಲಿ ನೋಡಿದೆ, ಏನೂ ಕಾಣಿಸಲಿಲ್ಲ. ಲೈಟ್ ಹಾಕಿಸಿ."

"ಲೈಟ್ ಹಾಕಿದರೆ ಸೆಟೆಯುತ್ತಾನೆ. ಧನುರ್ವಾಯು ಅಂತ ನಿಮಗೆ ಹೇಳಿದ್ದಾರಲ್ಲ?"

"ನೀವು ಅಲ್ಲಿನ ಸ್ಟಾಫಾ?"

"ಅಲ್ಲ. ಹೆರಿಗೆಗೆ ಬಂದಿದ್ದೆ."

"ಹಾಗಾದರೆ ಆರ್ಡರ್ ಈಸ್ ಆನ್ ದಿ ಸ್ಕ್ರೀನ್," ಅಂದ. ನನ್ನ ಜೊತೆ ಮಾತು ಮುಗಿದಿತ್ತು.

ತೂಕ ಸರಿಯಾಗಿದ್ದರೂ ಅವನ ಆರ್ಡರು ತಪ್ಪೇ. ಅದನ್ನು ಹೇಳಲು ಅವನು ಬಿಡಲಿಲ್ಲ, ಇಲ್ಲಿ ಹೇಳುತ್ತೇನೆ. ಮೈ ಅಂದರೆ ನಮ್ಮ ಹಳೆಯ ಮನೆಗಳ ಹಾಗೆ. ಮುಂದೆ ಪಡಸಾಲಿ, ಅದು ರಕ್ತ. ಒಳಗೆ ನಡುಮನಿ, ಅದು ಮಾಂಸಖಂಡ. ನೆಲದ ಕೆಳಗೆ ಕಾಳು ತುಂಬುವ ಹಗೇವು, ಅದು ಕೊಬ್ಬು. ಔಷಧ ಕೊನೆಗೆ ಎಲ್ಲ ಕಡೆ ಹರಡುತ್ತದೆ, ನಿಜ. ಆದರೆ ಮೊದಲು ಬಂದು ನಿಲ್ಲುವುದು ಪಡಸಾಲಿಯಲ್ಲಿ. ಮಿದುಳು ಕೂತಿರುವುದೂ ಪಡಸಾಲಿಯ ಕಟ್ಟೆಯ ಮೇಲೆಯೇ. ಇಡೀ ಮನೆಗೆ ಎಷ್ಟು ಮಂದಿ ಹಿಡಿಸುತ್ತಾರೆ ಅಂತ ಲೆಕ್ಕ ಹಾಕಿ ಅಷ್ಟೂ ಮಂದಿಯನ್ನು ಒಮ್ಮೆಲೇ ಪಡಸಾಲಿಗೆ ನುಗ್ಗಿಸಿದರೆ ಅಲ್ಲಿದ್ದವರು ಉಸಿರುಗಟ್ಟಿ ಸಾಯುತ್ತಾರೆ. ಅದಕ್ಕೇ ದೊಡ್ಡ ಗುಟುಕನ್ನು ಚೂರು ಚೂರು ಮಾಡಿ, ಮಂದಿ ಒಳಕ್ಕೆ ಸರಿಯುವಷ್ಟು ಹೊತ್ತು ಬಿಟ್ಟು ಬಿಟ್ಟು ಕೊಡಬೇಕು. ಅವನು ಮಾಡೆಲ್ ಮಾಡೆಲ್ ಅಂತ ಬಡಕೊಳ್ಳುತ್ತಿದ್ದನಲ್ಲ, ಅದೇ ಮಾಡೆಲ್ ಹೇಳುವ ಮಾತು ಇದು. ಪೂರ್ತಿ ಓದದವನ ಕೈಯಲ್ಲಿ ಶಾಸ್ತ್ರ ಸಿಕ್ಕರೆ ಆಂಪೂಲ್ ಮತದವನಿಗಿಂತ ಅವನೇ ಅಪಾಯ. ಆಂಪೂಲಿನವನಿಗೆ ತನಗೆ ಗೊತ್ತಿಲ್ಲ ಅನ್ನುವ ಅಳುಕಾದರೂ ಇರುತ್ತದೆ.

ಕೋಣೆಗೆ ವಾಪಸ್ ಬಂದಾಗ ಸಿಸ್ಟರ್ ಸಿರಿಂಜಿಗೆ ಔಷಧ ಎಳೆದಾಗಿತ್ತು. ಇಪ್ಪತ್ತರ ಸಿರಿಂಜು, ಹದಿನೆಂಟರ ಗೆರೆ ದಾಟಿ ಒಂದು ಕೂದಲು. ಪಾಯಿಂಟ್ ಒಂದು ಐದು ಬರಬೇಕಲ್ಲ ಅಂತ ಪಾಪ, ಮೊಬೈಲಿನ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಮೇಡಂ, ಹಾಕಲೇನ್ರಿ?" ಪಿಸುಗುಟ್ಟಿದಳು. "ಸಾಹೇಬ್ರು ಹಾಕು ಅಂದ್ರು."

ಮಾಲೀಕರು ನನ್ನ ಹಿಂದೆಯೇ ಇದ್ದರು.

"ನೀವು ನೋಡೀರೇನು ಆ ಮನುಷ್ಯನ್ನ?" ಕೇಳಿದೆ.

"ನೋಡೀನ್ರಿ."

"ನೂರಾ ಹತ್ತು ಕಿಲೋ ಅದಾನೇನು?"

"ಇಲ್ಲ ಬಿಡ್ರಿ. ಆದ್ರ ಮೇಡಂ, ಕರಾರು ಐತಿ. ಅವರ ಆರ್ಡರ್ ಮೀರಿದ್ರ ಅವರು ಬರಕೊಂತಾರ."

"ಬರಕೊಳ್ಳಲಿ. ಅಕ್ಷರ ಚಂದ ಆಗತಾವ."

"ಏನರ ಹೆಚ್ಚುಕಡಿಮಿ ಆದ್ರ ಯಾರ ಮ್ಯಾಲ ಬರತೈತ್ರಿ?"

ಅದು ನ್ಯಾಯವಾದ ಪ್ರಶ್ನೆ. ಅವರ ಆರ್ಡರಿನಂತೆ ಮಾಡಿ ಸತ್ತರೆ ಯಾರ ಮೇಲೂ ಬರುವುದಿಲ್ಲ. ನನ್ನ ಕಣ್ಣಂದಾಜಿನಂತೆ ಮಾಡಿ ಸತ್ತರೆ ನನ್ನ ಮೇಲೆ. ಈ ವ್ಯವಸ್ಥೆಯಲ್ಲಿ ಜಾಣರು ಯಾವುದನ್ನು ಆರಿಸಿಕೊಳ್ಳುತ್ತಾರೆ ಅನ್ನುವುದು ನನಗೂ ಗೊತ್ತು. ನಾನು ಹೊರಗೆ ಹೋಗಿ ಆ ಕಂಬದ ಪ್ಲಗ್ಗು ಕಿತ್ತೆ. ಪುಸ್ತಕಗಳ ಸಮೇತ ಪರಿಣತ ಆರಿಹೋದ. ಕೇಸ್ ಹಾಳೆಯ ಮೇಲೆ ನನ್ನ ಹೆಸರು ಬರೆದು ರುಜು ಹಾಕಿ ಮಾಲೀಕರ ಕೈಗೆ ಕೊಟ್ಟೆ. ಅವರು ಅದನ್ನು ಓದಿ, ತಾವೂ ಕೆಳಗೆ ರುಜು ಹಾಕಿದರು. ಅಷ್ಟು ನಿರೀಕ್ಷೆ ಇರಲಿಲ್ಲ ನನಗೆ, ಸುಳ್ಳು ಯಾಕೆ ಹೇಳಲಿ.

ಐವತ್ತೆರಡು ಕಿಲೋಗೆ ನನ್ನ ಲೆಕ್ಕ ಎಂಟೂವರೆ ಮಿಲಿಗ್ರಾಂ. ಸಿಸ್ಟರ್ ಕೈಯಿಂದ ಸಿರಿಂಜು ಇಸಿದುಕೊಂಡು ಒಂದು ಮಿಲಿಗ್ರಾಂ ಮಾತ್ರ ತಳ್ಳಿ ಕೂತೆ. ಕೈಯಳತೆಯಲ್ಲಿ ಉಸಿರು ಕೊಡುವ ಮುಖವಾಡ, ಗಾಳಿ ಒತ್ತುವ ಚೀಲ. ಹೊರಗೆ ಬಸ್ ಸ್ಟ್ಯಾಂಡಿನ ರಸ್ತೆ. ಅಲ್ಲಿಯ ಹಾರನ್ನುಗಳೇ ನನಗೆ ಅಳತೆಗೋಲಾದವು. ಮೊದಲ ಹಾರನ್ನಿಗೆ ಮೈಯೆಲ್ಲ ಎದ್ದಿತು. ಎರಡನೇ ಮಿಲಿಗ್ರಾಂ. ಕಾದೆ. ಲಾರಿಯೊಂದು ಕೂಗಿಕೊಂಡು ಹೋಯಿತು, ಬೆನ್ನು ಏಳಲಿಲ್ಲ, ಕೈಬೆರಳು ಮಾತ್ರ ಮಡಚಿಕೊಂಡವು. ಮೂರನೆಯದು ತಳ್ಳಿದೆ.

ಮೂರನೆಯದಕ್ಕೆ ದವಡೆ ಸಡಿಲವಾಯಿತು, ಅದರ ಹಿಂದೆಯೇ ನಾಲಿಗೆ ಹಿಂದಕ್ಕೆ ಬಿತ್ತು. ಗೊರಕೆ ಬಂತು, ಆಮೇಲೆ ಗೊರಕೆಯೂ ನಿಂತಿತು. ಎದೆ ಏಳಲಿಲ್ಲ. ಮಾನಿಟರಿನ ಆಮ್ಲಜನಕದ ಅಂಕಿ ಇಳಿಯತೊಡಗಿತು. ದವಡೆ ಎತ್ತಿ ಹಿಡಿದು ಮುಖವಾಡ ಒತ್ತಿದೆ. "ಉಸಿರಾಡೋ ನನ್ನಪ್ಪಾ, ಉಸಿರಾಡು," ಅಂತ ಕಿವಿಯಲ್ಲಿ ಹೇಳುತ್ತಾ ಚೀಲ ಹಿಚುಕಿದೆ. ಸಿಸ್ಟರ್ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡಿದ್ದಳು. ಹಿಚುಕಿದೆ, ಕಾದೆ, ಹಿಚುಕಿದೆ. ಆಮೇಲೆ ಅಂಗೈ ಕೆಳಗೆ ಅವನ ಎದೆ ತಾನಾಗಿ ಒಂದು ಸಲ ಎದ್ದಿತು. ಮತ್ತೊಂದು ಸಲ.

ನನ್ನ ಲೆಕ್ಕದ ಅರ್ಧವೂ ಮುಗಿದಿರಲಿಲ್ಲ. ಕೊಟ್ಟೂರಿನ ಎಣಿಸದ ಆಂಪೂಲುಗಳು ಅವನ ಹಗೇವಿನಲ್ಲಿ ತುಂಬಿಕೊಂಡು ಕೂತಿದ್ದವು. ಸಿರಿಂಜಿನಲ್ಲಿ ಉಳಿದ ಹದಿನೈದು ಮಿಲಿಗ್ರಾಮನ್ನು ನೋಡಿದೆ. ಸಿಸ್ಟರೂ ನೋಡಿದಳು. ಅಲ್ಲಿಗೆ ಗುಟುಕು ನಿಲ್ಲಿಸಿ, ಪಂಪಿನಲ್ಲಿ ಗಂಟೆಗೆ ಎರಡು ಮಿಲಿಗ್ರಾಂ ಹಚ್ಚಿ, ದವಡೆಯ ಕೆಳಗೆ ಕೈ ಕೊಟ್ಟು ಕೂತುಕೊಂಡೆ. ಹಡಗಲಿಯವರಿಗೆ ಇವತ್ತು ಬರುವುದಿಲ್ಲ ಅಂತ ಹೇಳಿ ಕಳಿಸಿದೆ.

ಬಿಸಿಲು ಇಳಿದ ಮೇಲೆ ಮಾಲೀಕರು ಅಂಜುತ್ತಾ ಕಂಬದ ಪ್ಲಗ್ಗು ಮತ್ತೆ ಹಾಕಿದರು. ಸ್ಪೀಕರಿಗೆ ಮಾತ್ರ ಹತ್ತಿ ತುರುಕಿ ಪ್ಲಾಸ್ಟರ್ ಹಚ್ಚಿದ್ದರು, ಆ ಬುದ್ಧಿಗೆ ಶಹಬ್ಬಾಸ್ ಅನ್ನಬೇಕು. ಪರಿಣತ ಮೂಡಿದ. ಮಾನಿಟರು ನೋಡಿ ಹಿಗ್ಗಿದ.

"ಎಕ್ಸಲೆಂಟ್! ಸ್ಪಾಸಮ್ ಇಲ್ಲ, ಬಿಪಿ ಚೆನ್ನಾಗಿದೆ. ನೋಡಿದ್ರಾ ಮೇಡಂ, ಮಾಡೆಲ್ ಮೇಲೆ ನಂಬಿಕೆ ಇಡಬೇಕು."

"ಮೂರು ಮಿಲಿಗ್ರಾಂ ಕೊಟ್ಟಿದ್ದೇನೆ."

"ಮೂರಾ? ಮೂರಕ್ಕೆ ಇಷ್ಟು ರೆಸ್ಪಾನ್ಸ್ ಬರೋದಿಲ್ಲ." ಏನೋ ಟೈಪು ಮಾಡಿದ. ತಲೆ ಆಡಿಸಿದ, ಪುಸ್ತಕಗಳು ಕರಗಿದವು. "ಹಾಗಾದರೆ ಪೇಷಂಟ್ ಔಟ್‌ಲೈಯರ್."

ಗೆರೆಯಾಚೆಗಿನವನು. ಅಂದರೆ ಲೆಕ್ಕ ಸರಿ, ಮನುಷ್ಯನೇ ತಪ್ಪು. ಉಜ್ಜಿನಿ ಕಡೆಯ ಒಬ್ಬ ರೈತ, ಇವನ ಗೆರೆಗೆ ಸರಿಯಾಗಿ ಸಾಯಲಿಲ್ಲ ಅನ್ನುವ ಕಾರಣಕ್ಕೆ ಮನುಷ್ಯಕುಲದ ಹೊರಗೆ ನಿಂತ. ನಾನು ಏನಾದರೂ ಅನ್ನಬೇಕಿತ್ತು. ಆದರೆ ಉಗುಳುವುದಕ್ಕೂ ಒಂದು ಮುಖ ಬೇಕು, ಅಲ್ಲಿ ಇದ್ದದ್ದು ಗಾಜು.

ಮರುದಿನ ಹಾವು ಕಚ್ಚಿದ ಹೆಣ್ಣುಮಗಳು ತಾನೇ ಉಸಿರಾಡಿ ವೆಂಟಿಲೇಟರ್ ಬಿಟ್ಟುಕೊಟ್ಟಳು. ಅದನ್ನು ಇವನ ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿದೆವು. ದಾವಣಗೆರೆಯಲ್ಲಿ ಬೆಡ್ಡೂ ಸಿಕ್ಕಿತು, ಆದರೆ ದಾರಿಯ ಕುಲುಕಾಟಕ್ಕೆ ಅಂಜಿ ಕಳಿಸಲಿಲ್ಲ. ವೆಂಟಿಲೇಟರ್ ಬೇಕಾಗಲೂ ಇಲ್ಲ. ಧನುರ್ವಾಯು ಬಂದಷ್ಟು ಬೇಗ ಹೋಗುವುದಲ್ಲ, ವಾರಗಟ್ಟಲೆ ಕೂತು ತಿನ್ನುತ್ತದೆ. ಹಡಗಲಿಗೆ ಹೋಗುವಾಗ, ಬರುವಾಗ ಇಳಿದು ಪಂಪು ನೋಡುತ್ತಿದ್ದೆ. ಒಂದು ಸಲ ಏರಿಸಿ, ಹತ್ತು ಸಲ ಇಳಿಸಿ. ಪಂಪು ಪೂರ್ತಿ ನಿಲ್ಲಿಸಿದ ಮೇಲೂ ಅವನು ಮಲಗಿಯೇ ಇದ್ದ. ಹಗೇವಿನ ಕಾಳು ಖಾಲಿಯಾಗಬೇಕಲ್ಲ. ತಮ್ಮ ಬಂದು ಬಂದು, "ಏಳ್ತಾನಲ್ರೀ?" ಅಂತ ಕೇಳುತ್ತಿದ್ದ. "ಏಳ್ತಾನ, ನೀನು ತೂಗಾಕ ಹೋಗಬ್ಯಾಡ," ಅನ್ನುತ್ತಿದ್ದೆ.

ಎದ್ದ. ಕಿಟಕಿಯ ಕಂಬಳಿ ತೆಗೆಸಿದ ದಿನ ಹೋದೆ. ಹೆಂಡತಿ ಚಮಚದಲ್ಲಿ ರಾಗಿ ಗಂಜಿ ಕುಡಿಸುತ್ತಿದ್ದಳು. ಹಲ್ಲುಗಳ ನಡುವೆ ಚಮಚ ಹೋಗುವಷ್ಟು ಸಂದು ಆಗಿತ್ತು. ನನ್ನ ದನಿ ಕೇಳಿ ಅವನು ಚಮಚವನ್ನು ಕೈಯಿಂದ ಸರಿಸಿದ.

"ನೀವಾ ಏನ್ರಿ, ಬಾಗಲದಾಗ ನಿಂತು ಜಗಳಾಡಿದಾಕಿ?" ದನಿ ಒಡೆದ ಮಡಕೆಯಂತಿತ್ತು.

"ನಿಮಗ ಕೇಳಸ್ತಿತ್ತೇನು?"

"ಎಲ್ಲಾ ಕೇಳಸ್ತಿತ್ರಿ. ನೂರಾ ಹತ್ತಂತ, ಐವತ್ತೆರಡಂತ." ಉಸಿರು ತೆಗೆದುಕೊಂಡ. "ನಲವತ್ತೇಳು ರೀ ನಾನು. ಹೋದ ಸುಗ್ಗ್ಯಾಗ ಕಣ್ಣಿನ ಕ್ಯಾಂಪಿನಾಗ ತೂಗಿದ್ರು. ಹೇಳಬೇಕಂತ ಮಾಡೀನಿ, ಬಾಯಿ ಬಿಡವಲ್ದು. ಕಣ್ಣು ಪಿಳಿ ಪಿಳಿ ಬಡದೆ. ಒಬ್ಬರರ ನನ್ನ ಕಡಿ ತಿರುಗಿ ನೋಡಿದ್ರೇನು?"

"ಮಾತಾಡಬ್ಯಾಡ, ಗಂಜಿ ಕುಡಿ," ಅಂದಳು ಹೆಂಡತಿ.

ಅವನು ಅವಳ ಕಡೆ ತಿರುಗಲಿಲ್ಲ. ಉತ್ತರ ಬರಬೇಕು ಅಂತ ನನ್ನನ್ನೇ ನೋಡುತ್ತಾ ಮಲಗಿದ್ದ.

"ಇಲ್ಲ," ಅಂದೆ. "ಯಾರೂ ನೋಡಲಿಲ್ಲ."

ಆಗ ಅವನು ಗಂಜಿಗೆ ಬಾಯಿ ತೆರೆದ.